ಹದಿನೆಂಟು ತುಂಬಿದ ಹೃದಯಕ್ಕೆ ವಾರಸುದಾರರು ಯಾರು?

ವರ್ಷಕ್ಕೆ ನಾಲ್ಕಾರು ಸಲವಾದರೂ ಪತ್ರಿಕೆಗಳ ಜಿಲ್ಲಾ ಪುಟದಲ್ಲಿ ಒಂದು ಫೋಟೊ ಬರುತ್ತದೆ. ನಡುವೆ ನಾಲ್ಕೈದು ವರ್ಷದ ಮಗು. ಅಂಗಿಯ ಗುಂಡಿಯ ಸಂದಿಯಲ್ಲಿ ಎದೆಯ ಹೊಲಿಗೆಯ ತುದಿ ಇಣುಕುತ್ತಿರುತ್ತದೆ. ಒಂದು ಪಕ್ಕ ಅಪ್ಪ-ಅಮ್ಮ, ಇನ್ನೊಂದು ಪಕ್ಕ ವೈದ್ಯರು, ಹಿಂದೆ ಶಾಸಕರೋ ಟ್ರಸ್ಟಿನ ಅಧ್ಯಕ್ಷರೋ. ಶೀರ್ಷಿಕೆಯೂ ಹೆಚ್ಚುಕಡಿಮೆ ಒಂದೇ: ಉಚಿತ ಶಸ್ತ್ರಚಿಕಿತ್ಸೆ ಯಶಸ್ವಿ, ಬಾಲಕಿಗೆ ಮರುಜೀವ. ಸುದ್ದಿ ಸುಳ್ಳಲ್ಲ. ಅರವತ್ತು-ಎಪ್ಪತ್ತು ವರ್ಷಗಳ ಹಿಂದೆ ಹುಟ್ಟಿದ್ದರೆ ಆ ಮಗು ಶಾಲೆಯ ಮೆಟ್ಟಿಲು ಹತ್ತುವುದೇ ಅನುಮಾನವಿತ್ತು. ಆದರೆ ಅದೇ ಹುಡುಗಿ ಇಪ್ಪತ್ತಾದಾಗ ಹೇಗಿದ್ದಾಳೆ ಎಂಬ ಸುದ್ದಿ ಯಾವ ಪುಟದಲ್ಲೂ ಬರುವುದಿಲ್ಲ. ಪತ್ರಿಕೆಯವರು ಕೇಳುವುದಿಲ್ಲ, ಫೋಟೊದಲ್ಲಿ ನಿಂತವರೂ ಕೇಳುವುದಿಲ್ಲ. ಆಪರೇಷನ್ನಿನ ಬಿಲ್ಲು ಪಾವತಿಯಾದ ಮೇಲೆ ಯೋಜನೆಯ ಕಡತವೂ ಬಹುಮಟ್ಟಿಗೆ ಕಪಾಟು ಸೇರುತ್ತದೆ.

ಹುಟ್ಟುವ ಸಾವಿರ ಕೂಸುಗಳಲ್ಲಿ ಎಂಟು-ಒಂಬತ್ತಕ್ಕೆ ಹೃದಯದ ರಚನೆಯಲ್ಲಿ ಏನಾದರೊಂದು ದೋಷವಿರುತ್ತದೆ ಎಂಬುದು ಜಗತ್ತಿನೆಲ್ಲೆಡೆ ಹೆಚ್ಚುಕಡಿಮೆ ಒಪ್ಪಿರುವ ಲೆಕ್ಕ. ಭಾರತದಲ್ಲಿ ಅಂಥ ಮಕ್ಕಳ ಸಂಖ್ಯೆ ವರ್ಷಕ್ಕೆ ಎರಡು ಲಕ್ಷ ಎಂದು ಅಂದಾಜು. ವರ್ಷಕ್ಕೆ ಹತ್ತು ಲಕ್ಷದ ಆಸುಪಾಸು ಹೆರಿಗೆಯಾಗುವ ಕರ್ನಾಟಕದ ಪಾಲಿಗೆ ಎಂಟು ಸಾವಿರವಾದರೂ ಬಂದೀತು. ಎಲ್ಲರಿಗೂ ಆಪರೇಷನ್ ಬೇಕಾಗುವುದಿಲ್ಲ. ಎಷ್ಟೋ ಸಣ್ಣ ತೂತುಗಳು ತಾವಾಗಿಯೇ ಮುಚ್ಚಿಕೊಳ್ಳುತ್ತವೆ. ಮೇಲಿನ ಎರಡು ಕೋಣೆಗಳ ನಡುವಿನ ಸಾದಾ ತೂತನ್ನು ಚಿಕ್ಕಂದಿನಲ್ಲೇ ಮುಚ್ಚಿಸಿಕೊಂಡವರಲ್ಲಿ ಬಹುಪಾಲು ಮಂದಿ ಮುಂದೆ ಆಸ್ಪತ್ರೆಯ ಹಂಗಿಲ್ಲದೆ ಬದುಕುತ್ತಾರೆ. ಅವರನ್ನು ಹೆದರಿಸುವ ಅಗತ್ಯವಿಲ್ಲ. ಇಲ್ಲಿ ಮಾತು, ಆಪರೇಷನ್ ವೇಳೆ ಹೃದಯದ ಕವಾಟಕ್ಕೇ ಕೈ ಹಾಕಬೇಕಾಗಿ ಬಂದ ಮಕ್ಕಳದು. ಅವರ ಮಟ್ಟಿಗೆ ಮೊದಲ ಆಪರೇಷನ್ ಎಂಬುದು ಮುಗಿದ ಕೆಲಸವಲ್ಲ. ಇದನ್ನು ಹೃದ್ರೋಗ ತಜ್ಞರು ಮೂರು ದಶಕಗಳಿಂದ ಬಲ್ಲರು. ನಮ್ಮ ಆರೋಗ್ಯ ಯೋಜನೆಗಳು ಮಾತ್ರ ಇನ್ನೂ ಅರಿತಂತೆ ಕಾಣುವುದಿಲ್ಲ.

ಒಂದೇ ಕಾಯಿಲೆಯ ಕಥೆ ಹಿಡಿದು ಹೊರಟರೆ ಉಳಿದದ್ದೆಲ್ಲ ತಿಳಿಯುತ್ತದೆ. ಫ್ರಾನ್ಸಿನ ಮಾರ್ಸೇ ನಗರದ ವೈದ್ಯ ಎತಿಯೆನ್ ಫಾಲೋ 1888ರಲ್ಲಿ ನಾಲ್ಕು ದೋಷಗಳು ಒಟ್ಟಿಗೆ ಕಾಣಿಸುವ ಹೃದಯವನ್ನು ವಿವರವಾಗಿ ದಾಖಲಿಸಿದ. ಕೆಳಗಿನ ಎರಡು ಕೋಣೆಗಳ ನಡುವೆ ದೊಡ್ಡ ತೂತು, ಶ್ವಾಸಕೋಶಕ್ಕೆ ರಕ್ತ ಹೋಗುವ ದಾರಿ ಇಕ್ಕಟ್ಟು, ತೂತಿನ ನೆತ್ತಿಗೆ ಸರಿದು ಕೂತ ಮಹಾಪಧಮನಿ, ದಪ್ಪಗಾದ ಬಲಗೋಡೆ. ಟೆಟ್ರಾಲಜಿ ಆಫ್ ಫಾಲೋ ಎಂದು ಅದಕ್ಕೆ ಹೆಸರಾಯಿತು. ಕೆಟ್ಟ ರಕ್ತ ಶ್ವಾಸಕೋಶಕ್ಕೆ ಹೋಗದೆ ನೇರವಾಗಿ ಮೈಗೆ ಹರಿಯುವುದರಿಂದ ಮಗುವಿನ ತುಟಿ, ಉಗುರು ನೀಲಿಗಟ್ಟುತ್ತವೆ. ಅಂಗಳದಲ್ಲಿ ನಾಲ್ಕು ಹೆಜ್ಜೆ ಓಡಿದ ಮಗು ಥಟ್ಟನೆ ಕುಕ್ಕರುಗಾಲಲ್ಲಿ ಕೂತುಬಿಡುತ್ತದೆ. ಹಾಗೆ ಕೂತರೆ ಶ್ವಾಸಕೋಶಕ್ಕೆ ಒಂದಿಷ್ಟು ಹೆಚ್ಚು ರಕ್ತ ಸಿಗುತ್ತದೆ ಎಂಬುದನ್ನು ಮಗುವಿಗೆ ಯಾರೂ ಹೇಳಿಕೊಟ್ಟಿರುವುದಿಲ್ಲ.

ಅಮೆರಿಕದ ಬಾಲ್ಟಿಮೋರಿನ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯಲ್ಲಿ 1944ರ ನವೆಂಬರ್ 29ರಂದು ಈ ನೀಲಿ ಮಕ್ಕಳಿಗೆ ಮೊದಲ ಆಸರೆ ಸಿಕ್ಕಿತು. ಮಕ್ಕಳ ವೈದ್ಯೆ ಹೆಲೆನ್ ಟಾಸಿಗ್ ಅವರದು ಯೋಚನೆ, ಸರ್ಜನ್ ಆಲ್ಫ್ರೆಡ್ ಬ್ಲೇಲಾಕ್ ಅವರದು ಕೈ. ಅವರ ಹಿಂದೆ ಸ್ಟೂಲಿನ ಮೇಲೆ ನಿಂತು ಹೊಲಿಗೆಗೆ ಹೊಲಿಗೆ ಹೇಳಿಕೊಟ್ಟವರು ಲ್ಯಾಬಿನ ಕಪ್ಪುವರ್ಣೀಯ ಸಹಾಯಕ ವಿವಿಯನ್ ಥಾಮಸ್. ಅವರಿಗೆ ಸಿಗಬೇಕಾದ ಮನ್ನಣೆ ಸಿಗಲು ದಶಕಗಳೇ ಹಿಡಿದವು. ಆದರೆ ಅದು ರಕ್ತನಾಳವೊಂದನ್ನು ತಿರುಗಿಸಿ ಜೋಡಿಸಿದ ತಾತ್ಕಾಲಿಕ ಉಪಾಯ. ಹೃದಯವನ್ನೇ ತೆರೆದು ದೋಷ ಸರಿಪಡಿಸಿದ್ದು ಮಿನೆಸೋಟ ವಿಶ್ವವಿದ್ಯಾಲಯದ ವಾಲ್ಟನ್ ಲಿಲೆಹೈ, 1954ರಲ್ಲಿ. ಹಾರ್ಟ್-ಲಂಗ್ ಯಂತ್ರ ಇನ್ನೂ ಪಳಗಿರದ ಆ ಕಾಲದಲ್ಲಿ ಅವರು ಮಗುವಿನ ರಕ್ತವನ್ನು ಪಕ್ಕದ ಮೇಜಿನ ಮೇಲೆ ಮಲಗಿಸಿದ ಇನ್ನೊಬ್ಬರ ಮೈಗೆ ಹರಿಸಿ, ಶುದ್ಧವಾದದ್ದನ್ನು ಮಗುವಿಗೆ ಮರಳಿಸುತ್ತ ಆಪರೇಷನ್ ಮುಗಿಸುತ್ತಿದ್ದರು. ಬಹುತೇಕ ಆ ಇನ್ನೊಬ್ಬರು ಹೆತ್ತವರೇ ಆಗಿರುತ್ತಿದ್ದರು.

ತೂತಿಗೆ ತೇಪೆ ಹಾಕುವುದು ಆ ಆಪರೇಷನ್ನಿನ ಒಂದು ಭಾಗ. ಇಕ್ಕಟ್ಟಾದ ದಾರಿಯನ್ನು ಅಗಲ ಮಾಡುವುದು ಇನ್ನೊಂದು. ಅನೇಕ ಮಕ್ಕಳಲ್ಲಿ ಶ್ವಾಸಕೋಶದ ಕವಾಟದ ಬಳೆಯೇ ತೀರಾ ಸಣ್ಣದಿರುತ್ತದೆ. ಆಗ ಆ ಬಳೆಯನ್ನು ಉದ್ದಕ್ಕೂ ಸೀಳಿ ತೇಪೆ ಹಚ್ಚದೆ ಗತಿಯಿಲ್ಲ. ರಕ್ತ ಸಲೀಸಾಗಿ ಹರಿಯುತ್ತದೆ, ತುಟಿ ಕೆಂಪಾಗುತ್ತದೆ, ಮಗು ಓಡುತ್ತದೆ. ಆದರೆ ಕವಾಟ ಇನ್ನು ಮುಚ್ಚಿಕೊಳ್ಳುವುದಿಲ್ಲ. ತೋಟದ ಪಂಪಿನ ಫುಟ್‌ವಾಲ್ವ್ ಸೋರಿದರೆ ಏನಾಗುತ್ತದೆಂದು ರೈತರಿಗೆ ಬಿಡಿಸಿ ಹೇಳಬೇಕಿಲ್ಲ: ಮೇಲೇರಿದ ನೀರಿನ ಒಂದು ಪಾಲು ಮತ್ತೆ ಬಾವಿಗೇ ಇಳಿಯುತ್ತದೆ, ಮೋಟಾರು ಅದೇ ನೀರನ್ನು ಮತ್ತೆ ಮತ್ತೆ ಎತ್ತುತ್ತದೆ. ಹೃದಯದ ಬಲಕೋಣೆಯದೂ ಅದೇ ಪಾಡು. ವರ್ಷದಿಂದ ವರ್ಷಕ್ಕೆ ಅದು ಹಿಗ್ಗುತ್ತಾ ಹೋಗುತ್ತದೆ.

ಇದರಲ್ಲಿ ಸರ್ಜನ್ನರ ತಪ್ಪೇನೂ ಇಲ್ಲ. ಜೀವ ಉಳಿಸಲು ಕವಾಟ ಬಿಟ್ಟುಕೊಡಬೇಕಾದ ವ್ಯಾಪಾರ ಅದು. ಯಾವ ತಾಯಿಯಾದರೂ ಒಪ್ಪುವಂಥದ್ದು. ತಪ್ಪಿದ್ದು ಆಮೇಲಿನ ನಿರಾಳದಲ್ಲಿ. ಬಲಗಡೆಯ ಸೋರಿಕೆಯನ್ನು ಹೃದಯ ತಡೆದುಕೊಳ್ಳುತ್ತದೆ ಎಂದು ವೈದ್ಯಲೋಕವೇ ಬಹಳ ಕಾಲ ನಂಬಿತ್ತು. ನಂಬಲು ಕಾರಣವೂ ಇತ್ತು. ಮಕ್ಕಳು ಬೆಳೆದರು, ಕೆಲಸಕ್ಕೆ ಸೇರಿದರು, ಮದುವೆಯಾದರು. 1955ರಿಂದ 60ರ ನಡುವೆ ಮೇಯೊ ಕ್ಲಿನಿಕ್ಕಿನಲ್ಲಿ ಆಪರೇಷನ್ ಆಗಿ ಬದುಕುಳಿದವರನ್ನು ಲೆಕ್ಕ ಹಾಕಿದಾಗ 32 ವರ್ಷಗಳ ಬಳಿಕವೂ ಶೇ 86ರಷ್ಟು ಮಂದಿ ಜೀವಂತವಾಗಿದ್ದರು. ಅದೇ ವಯಸ್ಸಿನ ಸಾಮಾನ್ಯ ಜನರಲ್ಲಿ ಆ ಪ್ರಮಾಣ ಶೇ 96. ನೂರಕ್ಕೆ ಹತ್ತರ ಆ ವ್ಯತ್ಯಾಸ ಎಲ್ಲಿಂದ ಬಂತು ಎಂದು ಕೆದಕಲು ಹೊರಟಾಗ ಸೋರುವ ಕವಾಟದ ಮೇಲೂ ಕಣ್ಣು ಬಿತ್ತು. ಮೂವತ್ತರ ಆಸುಪಾಸಿನಲ್ಲಿ, ಯಾವ ಮುನ್ಸೂಚನೆಯೂ ಇಲ್ಲದೆ ಕುಸಿದು ಸತ್ತವರೂ ಆ ಲೆಕ್ಕಗಳಲ್ಲಿದ್ದರು.

1995ರಲ್ಲಿ ಮೈಕೆಲ್ ಗಾಟ್ಸೂಲಿಸ್ ಮತ್ತು ಸಂಗಡಿಗರು ಲಂಡನ್ನಿನಿಂದ ಪ್ರಕಟಿಸಿದ ಅಧ್ಯಯನವೊಂದು ಈ ಸಾವಿಗೂ ಇಸಿಜಿಗೂ ನಂಟು ತೋರಿಸಿತು. ಬಲಕೋಣೆ ಹಿಗ್ಗಿದಷ್ಟೂ ಅದರ ಗೋಡೆಯಲ್ಲಿ ವಿದ್ಯುತ್ ಸಂಕೇತ ಹರಡಲು ಹೆಚ್ಚು ಹೊತ್ತು ಹಿಡಿಯುತ್ತದೆ. ಇಸಿಜಿಯಲ್ಲಿ ಕ್ಯುಆರ್‌ಎಸ್ ಎಂಬ ಚೂಪು ಅಲೆಯ ಅಗಲ 180 ಮಿಲಿಸೆಕೆಂಡ್ ಮುಟ್ಟಿದವರಲ್ಲಿ ಮಾರಕ ಬಡಿತ-ದೋಷದ ಅಪಾಯ ಎದ್ದು ಕಂಡಿತು. 180 ಮಿಲಿಸೆಕೆಂಡ್ ಎಂದರೆ ಮಾಮೂಲಿ ಇಸಿಜಿ ಕಾಗದದ ನಾಲ್ಕೂವರೆ ಪುಟ್ಟ ಚೌಕ. ತಾಲ್ಲೂಕು ಆಸ್ಪತ್ರೆಯ ಗುಲಾಬಿ ಬಣ್ಣದ ಆ ಕಾಗದದ ಮೇಲೆ ಸ್ಕೇಲಿಟ್ಟು ಅಳೆಯಬಹುದಾದ ಸಂಗತಿ ಇದು.

ಇನ್ನುಳಿದದ್ದನ್ನು ಎಕೋ ಹೇಳುತ್ತದೆ. ಅರೆಗತ್ತಲ ಕೋಣೆ, ಎದೆಯ ಮೇಲೆ ತಣ್ಣಗಿನ ಜೆಲ್, ಪಕ್ಕೆಲುಬಿನ ಸಂದಿಗೆ ಒತ್ತಿ ಹಿಡಿದ ಪ್ರೋಬ್. ತೆರೆಯ ಮೇಲೆ ಪ್ರೋಬಿನಿಂದ ದೂರ ಹೋಗುವ ರಕ್ತ ನೀಲಿಯಾಗಿ, ಅದರತ್ತ ಬರುವ ರಕ್ತ ಕೆಂಪಾಗಿ ಕಾಣುತ್ತದೆ. ಈ ಬಣ್ಣಗಳಿಗೂ ರಕ್ತ ಶುದ್ಧವೋ ಅಲ್ಲವೋ ಎಂಬುದಕ್ಕೂ ಸಂಬಂಧವಿಲ್ಲ. ಸರಿಯಾದ ಹೃದಯದಲ್ಲಿ ಪ್ರತಿ ಬಡಿತಕ್ಕೂ ಶ್ವಾಸಕೋಶದತ್ತ ಒಂದು ನೀಲಿ ಚಿಮ್ಮು, ಆಮೇಲೆ ಹೆಚ್ಚುಕಡಿಮೆ ಖಾಲಿ. ಕವಾಟ ಕಳೆದುಕೊಂಡ ಹೃದಯದಲ್ಲಿ ನೀಲಿಯ ಬೆನ್ನಿಗೇ ಅಷ್ಟೇ ಅಗಲದ ಕೆಂಪು ಹಿಂದಿರುಗುತ್ತದೆ. ವಿಚಿತ್ರವೆಂದರೆ ಸೋರಿಕೆ ಪೂರಾ ಇದ್ದಾಗಲೇ ಸ್ಟೆತಸ್ಕೋಪಿಗೆ ಕೇಳುವ ಸದ್ದು ಕಿರಿದು, ಮೆತ್ತಗೆ. ಶಾಲಾ ತಪಾಸಣೆಗೆ ಬಂದ ವೈದ್ಯರು ಎದೆಗೆ ಕಿವಿಗೊಟ್ಟು ಎಲ್ಲ ಸರಿಯಿದೆ ಎಂದು ಬರೆದು ಹೋದರೆ ಅವರನ್ನು ದೂರುವಂತಿಲ್ಲ. ಹುಡುಗನಿಗೂ ಏನೂ ಅನ್ನಿಸುವುದಿಲ್ಲ. ಉಬ್ಬಸ, ಕಾಲುಬಾವು ಶುರುವಾಗುವ ಹೊತ್ತಿಗೆ ಕೋಣೆ ಮೊದಲಿನಂತಾಗುವ ಹಂತ ದಾಟಿರುವುದೇ ಹೆಚ್ಚು.

ಅದಕ್ಕೇ ಈಗ ಎಂಆರ್‌ಐ ಮಾಡಿ ಬಲಕೋಣೆಯ ಗಾತ್ರ ಅಳೆಯುವ ಪದ್ಧತಿ ಬಂದಿದೆ. ದೇಹದ ಮೇಲ್ಮೈಯ ಪ್ರತಿ ಚದರ ಮೀಟರಿಗೆ 150-160 ಮಿಲಿಲೀಟರ್ ಸಮೀಪಿಸುವಾಗ ಹೊಸ ಕವಾಟ ಕೂರಿಸುವ ಯೋಚನೆ ಮಾಡುತ್ತಾರೆ. ಆ ಗಡಿ ದಾಟುವ ಮುನ್ನ ಕೂರಿಸಿದರೆ ಹಿಗ್ಗಿದ ಕೋಣೆ ಬಹುಮಟ್ಟಿಗೆ ಕುಗ್ಗುತ್ತದೆ. ತೀರಾ ತಡವಾದರೆ ಕವಾಟ ಹೊಸದಾಗುತ್ತದೆ, ಹೃದಯ ಹಳೆಯದಾಗಿಯೇ ಉಳಿಯುತ್ತದೆ. ಅನೇಕರ ಪಾಲಿಗೆ ಈ ಘಟ್ಟ ಹದಿಹರೆಯದ ಕೊನೆಗೋ ಇಪ್ಪತ್ತರ ಹರೆಯದಲ್ಲೋ ಬರುತ್ತದೆ.

ಫಾಲೋ ಒಂದೇ ಅಲ್ಲ. ಡೌನ್ ಸಿಂಡ್ರೋಮ್ ಇರುವ ಮಕ್ಕಳಲ್ಲಿ ಹೆಚ್ಚಾಗಿ ಕಾಣುವ, ನಾಲ್ಕೂ ಕೋಣೆ ಕೂಡುವ ನಡುಮಧ್ಯದ ದೋಷವನ್ನು ಸರಿಪಡಿಸಿದ ಮೇಲೆ ಎಡಗಡೆಯ ಕವಾಟ ಸೋರಲು ಶುರುವಾಗಿ, ಹತ್ತರಲ್ಲಿ ಒಬ್ಬರಿಗಾದರೂ ಮತ್ತೆ ಆಪರೇಷನ್ ಬೇಕಾಗುತ್ತದೆ. ಅದಲುಬದಲಾದ ಮಹಾನಾಳಗಳನ್ನು ಹುಟ್ಟಿದ ಕೆಲವೇ ದಿನಗಳಲ್ಲಿ ಅವುಗಳ ಜಾಗಕ್ಕೆ ಮರಳಿಸುವ ಆಪರೇಷನ್ನನ್ನು ಬ್ರೆಜಿಲಿನ ಆದಿಬ್ ಜಟೇನೆ 1975ರಲ್ಲಿ ಮಾಡಿ ತೋರಿಸಿದರು. ಅಲ್ಲಿ ಕಡಿಮೆ ಒತ್ತಡಕ್ಕೆಂದು ರೂಪುಗೊಂಡ ಕವಾಟ ಜೀವನವಿಡೀ ಮೈಯ ಪೂರ್ತಿ ರಕ್ತದೊತ್ತಡ ತಡೆಯಬೇಕಾಗುತ್ತದೆ. ಕೆಲವರಲ್ಲಿ ಅದು ವರ್ಷಗಳ ಮೇಲೆ ಸಡಿಲವಾಗುತ್ತದೆ.

ಹಾಗಾದರೆ ಒಳ್ಳೆಯ ಕವಾಟವೊಂದನ್ನು ಮೊದಲೇ ಕೂರಿಸಿಬಿಟ್ಟರಾಗದೇ ಎಂದು ಯಾರಾದರೂ ಕೇಳಿಯಾರು. ಮಕ್ಕಳ ವಿಚಾರದಲ್ಲಿ ಇಡೀ ತೊಡಕು ಇರುವುದೇ ಅಲ್ಲಿ. ಹಸು, ಹಂದಿಯ ಅಂಗಾಂಶದಿಂದ ಮಾಡಿದ ಕವಾಟ ಎಳೆಯ ಮೈಯಲ್ಲಿ ಬೇಗ ಸುಣ್ಣಗಟ್ಟುತ್ತದೆ. ಬೆಳೆಯುವ ಎಲುಬಿಗೆ ಸುಣ್ಣ ಒದಗಿಸುವ ಚುರುಕಾದ ದೇಹ ಕವಾಟವನ್ನೂ ಬಿಡುವುದಿಲ್ಲ. ಎಪ್ಪತ್ತರ ಅಜ್ಜನಲ್ಲಿ ಹದಿನೈದು ವರ್ಷ ಬಾಳುವ ಕವಾಟ ಕೂಸಿನಲ್ಲಿ ಕೆಲವೇ ವರ್ಷ ಬಾಳೀತು. ಮಗು ಬೆಳೆದಂತೆ ಅದು ಬೆಳೆಯುವುದೂ ಇಲ್ಲ. ಲೋಹ, ಕಾರ್ಬನ್ನಿನ ಯಾಂತ್ರಿಕ ಕವಾಟ ಸವೆಯುವುದಿಲ್ಲ, ನಿಜ. ಆದರೆ ಅದರ ಮೇಲೆ ರಕ್ತ ಹೆಪ್ಪುಗಟ್ಟದಂತೆ ಬದುಕಿರುವವರೆಗೂ ಮಾತ್ರೆ ನುಂಗಬೇಕು.

ಇನ್ನೊಂದು ದಾರಿಯನ್ನು ಲಂಡನ್ನಿನಲ್ಲಿದ್ದ ಸರ್ಜನ್ ಡೊನಾಲ್ಡ್ ರಾಸ್ 1967ರಲ್ಲಿ ಹುಡುಕಿದರು: ಕೆಟ್ಟ ಮಹಾಪಧಮನಿಯ ಕವಾಟ ಕಿತ್ತು, ಆ ಜಾಗಕ್ಕೆ ರೋಗಿಯದೇ ಶ್ವಾಸಕೋಶದ ಕವಾಟ ತಂದು ಕೂರಿಸಿ, ಖಾಲಿಯಾದ ಜಾಗಕ್ಕೆ ದಾನಿಯ ಕವಾಟ ಇಡುವುದು. ಸ್ವಂತ ಕವಾಟ ಮಗುವಿನೊಂದಿಗೇ ಬೆಳೆಯುತ್ತದೆ ಎಂಬುದು ದೊಡ್ಡ ಲಾಭ. ಒಂದು ಕವಾಟದ ಕಾಯಿಲೆ ಎರಡು ಕವಾಟದ ಕಾಯಿಲೆಯಾಗಬಹುದು ಎಂಬುದು ಅದರ ಬೆಲೆ. ಆ ಬೆಲೆ ಎಂಥದೆಂದು ತಿಳಿಯಲು ಹಾಲಿವುಡ್ಡಿನ ಗಟ್ಟಿಗ ಆರ್ನಾಲ್ಡ್ ಶ್ವಾರ್ಜೆನೆಗರ್ ಕಥೆ ಸಾಕು. ಹುಟ್ಟಿನಿಂದಲೇ ಕವಾಟದ ದೋಷವಿದ್ದ ಆತ 1997ರಲ್ಲಿ, ಮೈಯಲ್ಲಿ ಯಾವ ಲಕ್ಷಣವೂ ಇಲ್ಲದಾಗಲೇ ಈ ಆಪರೇಷನ್ ಮಾಡಿಸಿಕೊಂಡರು. 2018ರಲ್ಲಿ ಶ್ವಾಸಕೋಶದ ಕಡೆಯ ಕವಾಟ ಬದಲಿಸಬೇಕಾಯಿತು. ಕ್ಯಾಥೆಟರ್ ಮೂಲಕ ಸಣ್ಣದರಲ್ಲಿ ಮುಗಿಸಲು ಹೋದದ್ದು ಎದೆ ತೆರೆಯುವಲ್ಲಿಗೆ ಮುಟ್ಟಿತು. 2020ರಲ್ಲಿ ಮಹಾಪಧಮನಿಯ ಕವಾಟದ ಸರದಿ. ಪ್ರತಿ ಸಲವೂ ಜಗತ್ತಿನ ಶ್ರೇಷ್ಠ ಆಸ್ಪತ್ರೆಗಳು, ಕೈಬಿಡದ ತಪಾಸಣೆ, ಬೇಕಾದಷ್ಟು ಹಣ. ರಾಯಚೂರಿನ ಕೂಲಿಯವರ ಮಗನಿಗೆ ಇದರಲ್ಲಿ ಯಾವುದು ದಕ್ಕೀತು?

ಯಾಂತ್ರಿಕ ಕವಾಟದ ಮಾತು ಬಂದಾಗ ಭಾರತದವರು ಹೆಮ್ಮೆಯಿಂದ ನೆನೆಯಬೇಕಾದ ಹೆಸರು ಡಾ. ಎಂ.ಎಸ್. ವಲಿಯತ್ತಾನ್. ಆಮದು ಕವಾಟ ಕೊಳ್ಳಲಾಗದ ದೇಶದಲ್ಲಿ ಅವರು ತಿರುವನಂತಪುರದ ಶ್ರೀ ಚಿತ್ರಾ ಸಂಸ್ಥೆಯಲ್ಲಿ ತಂಡ ಕಟ್ಟಿ, ಸೋತು, ಮತ್ತೆ ಕಟ್ಟಿ, ದೇಶಿ ಕವಾಟ ರೂಪಿಸಿದರು. 1990ರ ಡಿಸೆಂಬರಿನಲ್ಲಿ ಮೊದಲ ರೋಗಿಗೆ ಕೂರಿಸಿದ ಆ ಚಿತ್ರಾ ಕವಾಟ ಇಂದು ಲಕ್ಷಕ್ಕೂ ಹೆಚ್ಚು ಎದೆಗಳನ್ನು ಸೇರಿದೆ. ಮುಂದೆ ಮಣಿಪಾಲದ ವಿಶ್ವವಿದ್ಯಾಲಯಕ್ಕೆ ಮೊದಲ ಕುಲಪತಿಯಾಗಿ ಬಂದ ಅವರು 2024ರಲ್ಲಿ ಮಣಿಪಾಲದಲ್ಲೇ ಕೊನೆಯುಸಿರೆಳೆದರು.

ಆದರೆ ಕವಾಟ ಅಗ್ಗವಾದರೂ ಅದರ ಜೊತೆಗಿನ ಮಾತ್ರೆಯ ಬದುಕು ಅಗ್ಗವಲ್ಲ. ವಾರ್ಫರಿನ್ ಅಥವಾ ಅದರ ಜಾತಿಯ ಮಾತ್ರೆ ಹೆಚ್ಚಾದರೆ ರಕ್ತಸ್ರಾವ, ಕಡಿಮೆಯಾದರೆ ಕವಾಟ ಹೆಪ್ಪುಗಟ್ಟಿ ಸಿಕ್ಕಿಹಾಕಿಕೊಳ್ಳುವ ಅಪಾಯ. ಐಎನ್‌ಆರ್ ಎಂಬ ರಕ್ತಪರೀಕ್ಷೆಯ ಅಂಕಿಯನ್ನು ಎರಡೂವರೆ, ಮೂರರ ಆಸುಪಾಸಿನಲ್ಲಿ ಹಿಡಿದು ನಿಲ್ಲಿಸಬೇಕು. ಸೊಪ್ಪಿನಲ್ಲಿರುವ ವಿಟಮಿನ್ ಕೆ ಈ ಮಾತ್ರೆಯ ಶತ್ರು ಎಂದು ಕೇಳಿದ ಮನೆಯವರು ಮಗುವಿಗೆ ಸೊಪ್ಪನ್ನೇ ಬಿಡಿಸುತ್ತಾರೆ. ನುಗ್ಗೆಸೊಪ್ಪಿನ ಪಲ್ಯ, ದಂಟಿನ ಹುಳಿ, ಬಸ್ಸಾರು ಎಲ್ಲ ಬಂದ್. ಅದರ ಅಗತ್ಯವಿಲ್ಲ. ವಾರಕ್ಕೆ ಇಷ್ಟು ಎಂದು ಒಂದೇ ಅಳತೆಯಲ್ಲಿ ತಿಂದರೆ ಮಾತ್ರೆಯನ್ನು ಅದಕ್ಕೆ ಹೊಂದಿಸಬಹುದು. ತೊಂದರೆಯಾಗುವುದು ತಿಂಗಳಿಡೀ ಸೊಪ್ಪು ಮುಟ್ಟದೆ, ಮಳೆ ಬಿದ್ದ ವಾರ ಮೂರು ಹೊತ್ತೂ ಅದನ್ನೇ ಉಂಡಾಗ. ಇಷ್ಟನ್ನು ಕನ್ನಡದಲ್ಲಿ ಕೂರಿಸಿಕೊಂಡು ಹೇಳುವ ಒಬ್ಬ ನರ್ಸ್ ಇದ್ದರೆ ಎಷ್ಟೋ ಅನಾಹುತ ತಪ್ಪುತ್ತದೆ.

ಹೆಣ್ಣುಮಕ್ಕಳ ಪಾಡು ಇನ್ನೂ ಬಿಗಿ. ವಾರ್ಫರಿನ್ ಗರ್ಭದ ಆರರಿಂದ ಹನ್ನೆರಡನೇ ವಾರದ ನಡುವೆ ಕೂಸಿನ ಮೂಳೆ, ಮೂಗಿನ ರಚನೆಗೆ ಹಾನಿ ಮಾಡಬಹುದು. ಬಿಟ್ಟರೆ ತಾಯಿಯ ಕವಾಟಕ್ಕೆ ಅಪಾಯ. ಬಸಿರಾಗುವ ಮೊದಲೇ ಹೃದಯದ ವೈದ್ಯರೂ ಹೆರಿಗೆ ವೈದ್ಯರೂ ಒಟ್ಟಿಗೆ ಕೂತು ಯೋಜಿಸಬೇಕಾದ ವಿಷಯ ಇದು. ನಮ್ಮಲ್ಲಿ ಆಗುವುದೇನೆಂದರೆ, ಎಷ್ಟೋ ಮನೆಗಳಲ್ಲಿ ಎದೆಯ ಗಾಯದ ಗುರುತನ್ನು ಗಂಡಿನ ಕಡೆಯವರಿಂದ ಮುಚ್ಚಿಟ್ಟು ಮದುವೆ ಮುಗಿಸುತ್ತಾರೆ. ಮುಚ್ಚಿಟ್ಟ ಮೇಲೆ ತಪಾಸಣೆಗೆ ಹೋಗುವುದಾದರೂ ಹೇಗೆ? ಫೈಲು ತವರಿನ ಟ್ರಂಕಿನಲ್ಲೇ ಉಳಿಯುತ್ತದೆ.

ಹಲ್ಲಿನ ವಿಷಯವನ್ನೂ ಹೇಳಬೇಕು. ಹುಳುಕುಹಲ್ಲಿನ, ಊದಿದ ವಸಡಿನ ಬ್ಯಾಕ್ಟೀರಿಯ ರಕ್ತಕ್ಕಿಳಿದು ಕೃತಕ ಕವಾಟದ ಮೇಲೆ ಮನೆ ಮಾಡಿಕೊಂಡರೆ ಬರುವ ಸೋಂಕು ವಾರಗಟ್ಟಲೆ ಇಂಜೆಕ್ಷನ್ ಬೇಡುತ್ತದೆ, ಕೆಲವೊಮ್ಮೆ ಕವಾಟವನ್ನೇ ಬೇಡುತ್ತದೆ. ಕೃತಕ ಕವಾಟ ಇರುವವರು ಹಲ್ಲು ಕೀಳಿಸುವ ಅರ್ಧದಿಂದ ಒಂದು ಗಂಟೆ ಮೊದಲು ಒಂದು ಡೋಸ್ ಅಮಾಕ್ಸಿಸಿಲಿನ್ ತೆಗೆದುಕೊಳ್ಳಬೇಕು. ಆ ಔಷಧಿ ಒಗ್ಗದವರಿಗೆ ಬೇರೆಯದು. ಊರಿನ ದಂತವೈದ್ಯರಿಗೆ ಹುಡುಗನ ಎದೆಯೊಳಗೆ ಏನಿದೆ ಎಂದು ಗೊತ್ತಿದ್ದರಲ್ಲವೇ ಅದು ಸಾಧ್ಯ? ದಿನಾ ಎರಡು ಹೊತ್ತು ಹಲ್ಲುಜ್ಜಿಸುವುದಂತೂ ಈ ಮಕ್ಕಳ ಪಾಲಿಗೆ ಹೃದಯದ ಔಷಧಿಯೇ.

ಇಷ್ಟೆಲ್ಲ ಓದಿ, ಇಂಥ ಮಕ್ಕಳನ್ನು ಗಾಜಿನ ಬೊಂಬೆಯಂತೆ ಮೂಲೆಯಲ್ಲಿ ಕೂರಿಸಬೇಕೆಂದು ಯಾರೂ ತಿಳಿಯಬಾರದು. ಅಮೆರಿಕದ ಸ್ನೋಬೋರ್ಡ್ ಆಟಗಾರ ಶಾನ್ ವೈಟ್ ಫಾಲೋ ದೋಷದಿಂದಲೇ ಹುಟ್ಟಿ, ಹಸುಗೂಸಾಗಿದ್ದಾಗ ಆಪರೇಷನ್ ಮಾಡಿಸಿಕೊಂಡವರು. 2006, 2010, 2018ರ ಮೂರು ಚಳಿಗಾಲದ ಒಲಿಂಪಿಕ್ಸ್‌ಗಳಲ್ಲಿ ಚಿನ್ನ ಗೆದ್ದರು. ನಮ್ಮ ಪಿಟಿ ಮೇಷ್ಟ್ರು ಆಪರೇಷನ್ ಆದ ಹುಡುಗನನ್ನು ಗೆರೆಯಾಚೆ ನಿಲ್ಲಿಸುವ ಬದಲು, ಎಷ್ಟು ಓಡಿಸಬಹುದೆಂದು ವೈದ್ಯರಿಂದ ಒಂದು ಚೀಟಿ ತರಿಸಿಕೊಂಡರೆ ಸಾಕು.

ತಪಾಸಣೆ ತಪ್ಪಿಹೋಗುವುದು ಬಡದೇಶಗಳ ರೋಗವೇನಲ್ಲ. ಎಲ್ಲರಿಗೂ ಸರ್ಕಾರವೇ ಚಿಕಿತ್ಸೆ ಕೊಡುವ ಕೆನಡಾದ ಕ್ವಿಬೆಕ್ ಪ್ರಾಂತ್ಯದಲ್ಲಿ 1983ರಲ್ಲಿ ಹುಟ್ಟಿದ ಹೃದಯದೋಷದ ಮಕ್ಕಳನ್ನು ಸಂಶೋಧಕರು ದಾಖಲೆಗಳಲ್ಲಿ ಹಿಂಬಾಲಿಸಿದರು. ಆರು ವರ್ಷ ತುಂಬಿದ ಮೇಲೆ ಹೃದಯದ ತಪಾಸಣೆಗೆ ಬಾರದೆ ಹೋದವರು ಶೇ 28. ಹದಿಮೂರರ ಬಳಿಕ ಶೇ 47. ಹದಿನೆಂಟರ ಬಳಿಕ ಶೇ 61. ಅಲ್ಲಿ ಬಸ್ ಚಾರ್ಜಿನ ಚಿಂತೆಯಿಲ್ಲ, ಬಿಲ್ಲಿನ ಭಯವಿಲ್ಲ; ಆದರೂ ಹೀಗೆ. ಹದಿಹರೆಯದವರಿಗೆ ತಾವು ಗುಣವಾಗಿದ್ದೇವೆ ಅನ್ನಿಸುತ್ತದೆ, ಅಪ್ಪ-ಅಮ್ಮ ಕೈ ಹಿಡಿದು ಕರೆದೊಯ್ಯುವ ವಯಸ್ಸು ಮುಗಿದಿರುತ್ತದೆ, ಮಕ್ಕಳ ವೈದ್ಯರು ಇನ್ನು ದೊಡ್ಡವರ ವೈದ್ಯರನ್ನು ಕಾಣು ಎನ್ನುತ್ತಾರೆ. ದೊಡ್ಡವರ ಹೃದ್ರೋಗ ತಜ್ಞರಿಗೋ ದಿನವಿಡೀ ಬ್ಲಾಕು, ಸ್ಟೆಂಟು.

ಬೀದರಿನಿಂದ ಬೆಂಗಳೂರಿಗೆ ಸುಮಾರು ಏಳುನೂರು ಕಿಲೋಮೀಟರ್. ಒಂದು ಎಕೋಗೆಂದು ಇಬ್ಬರು ದೊಡ್ಡವರು ಎರಡು-ಮೂರು ದಿನದ ಕೂಲಿ ಬಿಟ್ಟು, ರಾತ್ರಿ ರೈಲು ಹತ್ತಿ, ಆಸ್ಪತ್ರೆಯ ಎದುರಿನ ಫುಟ್‌ಪಾತಿನಲ್ಲಿ ಬೆಳಕು ಹರಿಯುವುದನ್ನು ಕಾಯಬೇಕು. ಮೊದಲ ವರ್ಷ ಬರುತ್ತಾರೆ. ಎರಡನೇ ವರ್ಷವೂ ಬಂದಾರು. ಓಡಾಡಿಕೊಂಡಿರುವ ಮಗುವನ್ನು ಮೂರನೇ ವರ್ಷ ಅಷ್ಟು ದೂರ ಕರೆತರುವುದು ಅವರಿಗೆ ದುಂದುವೆಚ್ಚದಂತೆ ಕಂಡರೆ ಆಶ್ಚರ್ಯವಿಲ್ಲ.

ಸರ್ಕಾರ ಕೈಕಟ್ಟಿ ಕೂತಿಲ್ಲ ಎಂಬುದನ್ನೂ ಹೇಳಬೇಕು. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ ಅಂಗನವಾಡಿ, ಶಾಲೆಗಳಿಗೆ ವೈದ್ಯರ ತಂಡ ಕಳಿಸಿ ಹೃದಯದೋಷವೂ ಸೇರಿದಂತೆ ಮೂವತ್ತು ತೊಂದರೆಗಳನ್ನು ಹುಡುಕುತ್ತದೆ, ಆಪರೇಷನ್ನಿಗೆ ದಾರಿ ಮಾಡಿಕೊಡುತ್ತದೆ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಬಡ ಕುಟುಂಬಕ್ಕೆ ವರ್ಷಕ್ಕೆ ಐದು ಲಕ್ಷದವರೆಗೆ ನೆರವಾಗುತ್ತದೆ. ಬೆಂಗಳೂರಿನ ಜಯದೇವ, ವೈಟ್‌ಫೀಲ್ಡಿನ ಸತ್ಯಸಾಯಿ ಆಸ್ಪತ್ರೆ, ಬೊಮ್ಮಸಂದ್ರದ ನಾರಾಯಣ ಹೃದಯಾಲಯ ಇವೆಲ್ಲ ಇರುವ ರಾಜ್ಯ ನಮ್ಮದು. ಹೊರರಾಜ್ಯ, ಹೊರದೇಶದ ಮಕ್ಕಳೂ ಇಲ್ಲಿಗೆ ಬರುತ್ತಾರೆ. ಆದರೆ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಬಾಗಿಲು ಹದಿನೆಂಟಕ್ಕೆ ಮುಚ್ಚುತ್ತದೆ. ಫಾಲೋ ಆಪರೇಷನ್ ಆದವರಿಗೆ ಕವಾಟದ ಅಗತ್ಯ ಬೀಳುವುದು ಸರಿಯಾಗಿ ಆ ಹೊತ್ತಿಗೇ. ಐದು ವರ್ಷದ ಮಗುವಿಗೆ ಲಕ್ಷಗಟ್ಟಲೆ ಖರ್ಚು ಮಾಡಿ, ಆ ಖರ್ಚಿನ ಫಲ ಉಳಿಸಿಕೊಳ್ಳಬೇಕಾದ ವಯಸ್ಸಿನಲ್ಲಿ ಕೈಬಿಡುವುದು ಕರುಣೆಯ ಪ್ರಶ್ನೆ ಹಾಗಿರಲಿ, ಲೆಕ್ಕಾಚಾರವಾಗಿಯೂ ಕೆಟ್ಟದ್ದು.

ಮೊದಲ ಆಪರೇಷನ್ನಿಗೇ ಮಕ್ಕಳು ಸಾಲುಗಟ್ಟಿ ಕಾಯುತ್ತಿರುವಾಗ ಎರಡನೆಯದರ ಮಾತೇಕೆ ಎಂಬ ಆಕ್ಷೇಪ ಬರುತ್ತದೆ. ಅದರಲ್ಲಿ ಹುರುಳಿದೆ. ಆದರೆ ತಪಾಸಣೆಗೆ ಬೇಕಾದ ಹಣ ಆಪರೇಷನ್ನಿನ ಹಣದ ಮುಂದೆ ತೃಣ. ಬೇಕಾದ ಜಾಲವೂ ಭಾಗಶಃ ಸಿದ್ಧವಿದೆ. ಪುನೀತ್ ರಾಜ್‌ಕುಮಾರ್ ಹೆಸರಿನ ಹೃದಯ ಜ್ಯೋತಿ ಯೋಜನೆಯಲ್ಲಿ ತಾಲ್ಲೂಕು ಆಸ್ಪತ್ರೆಗಳ ಇಸಿಜಿಯನ್ನು ದೊಡ್ಡ ಹೃದ್ರೋಗ ಕೇಂದ್ರಗಳು ದೂರದಿಂದಲೇ ನೋಡಿ ಹೃದಯಾಘಾತ ಗುರುತಿಸುತ್ತವೆ. ಆ ಯಂತ್ರ, ಆ ತಂತಿ, ಆ ತಜ್ಞರ ಕಣ್ಣನ್ನೇ ವರ್ಷಕ್ಕೊಮ್ಮೆ ಆಪರೇಷನ್ ಆದ ಹುಡುಗ-ಹುಡುಗಿಯರಿಗೂ ತೆರೆದರೆ ನಾಲ್ಕೂವರೆ ಚೌಕದ ಅಪಾಯ ಬೀದರಿನಲ್ಲೇ ಕಾಣುತ್ತದೆ. ಜಿಲ್ಲಾ ಆಸ್ಪತ್ರೆಯಲ್ಲಿ ಮೂರು ತಿಂಗಳಿಗೊಮ್ಮೆ ಮಕ್ಕಳ ಹೃದ್ರೋಗ ತಜ್ಞರೊಬ್ಬರು ಬಂದು ಎಕೋ ಮಾಡಿದರೆ ಬಹುಪಾಲು ಮಂದಿ ಬೆಂಗಳೂರಿಗೆ ಬರುವ ಅಗತ್ಯವೇ ಬೀಳದು. ಕೇರಳ 2017ರಲ್ಲಿ ‘ಹೃದ್ಯಂ’ ಎಂಬ ಯೋಜನೆ ಮಾಡಿ, ಹೃದಯದೋಷವಿರುವ ಪ್ರತಿ ಮಗುವನ್ನೂ ಆನ್‌ಲೈನ್ ದಾಖಲೆಗೆ ತಂದಿತು. ಯಾವ ಮಗು, ಯಾವ ದೋಷ, ಎಲ್ಲಿ ಚಿಕಿತ್ಸೆ ಎಂಬುದಕ್ಕೆ ಅಲ್ಲಿ ಉತ್ತರವಿದೆ. ನಮ್ಮಲ್ಲಿ ಹೆಸರು ಸೇರಿಸಿದರೆ ಮಾತ್ರ ಸಾಲದು. ಹದಿನೆಂಟರ ಗಡಿಯನ್ನು ಈ ಒಂದು ಗುಂಪಿಗಾದರೂ ತೆಗೆದುಹಾಕಬೇಕು.

ಕವಾಟದ ಬೆಲೆಯ ಪ್ರಶ್ನೆಯೂ ಇದೆ. 2000ದಲ್ಲಿ ಪ್ಯಾರಿಸ್ಸಿನಲ್ಲಿ ಫಿಲಿಪ್ ಬೋನ್‌ಹೋಫರ್ ಹನ್ನೆರಡು ವರ್ಷದ ಹುಡುಗನೊಬ್ಬನಿಗೆ ಎದೆ ಕೊಯ್ಯದೆ, ರಕ್ತನಾಳದ ಮೂಲಕವೇ ದನದ ಕುತ್ತಿಗೆಯ ನಾಳದಿಂದ ಮಾಡಿದ ಕವಾಟ ಕೂರಿಸಿದರು. ಎರಡು-ಮೂರು ದಿನಕ್ಕೆ ಮನೆಗೆ ಹೋಗಬಹುದಾದ ಈ ವಿಧಾನ ಈಗ ಭಾರತದಲ್ಲೂ ಇದೆ, ದೇಶದಲ್ಲೇ ತಯಾರಾದ ಕವಾಟಗಳೂ ಇವೆ. ಆದರೆ ಬೆಲೆ ಲಕ್ಷಗಳಲ್ಲಿ. ಕೇಂದ್ರ ಸರ್ಕಾರ 2017ರಲ್ಲಿ ಹೃದಯದ ಸ್ಟೆಂಟುಗಳಿಗೆ ಬೆಲೆ ಮಿತಿ ಹಾಕಿದಾಗ ಆಕಾಶವೇನೂ ಕಳಚಿ ಬೀಳಲಿಲ್ಲ. ಮಧ್ಯವಯಸ್ಕ ಗಂಡಸರ ಬ್ಲಾಕುಗಳಿಗೆ ಸಿಕ್ಕ ಆ ರಾಜಕೀಯ ಗಮನ ಇಪ್ಪತ್ತರ ಹುಡುಗಿಯರ ಕವಾಟಕ್ಕೂ ಸಿಗಬೇಕು. ಇನ್ನು ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದಲ್ಲಿ 2022ರಲ್ಲಿ ಹಸುಗೂಸೊಂದಕ್ಕೆ ದಾನಿ ಹೃದಯದ ಜೀವಂತ ಕವಾಟಗಳನ್ನೇ ಕಸಿ ಮಾಡಿ, ಅವು ಮಗುವಿನೊಂದಿಗೆ ಬೆಳೆಯುತ್ತಿರುವುದನ್ನು ತೋರಿಸಿದ್ದಾರೆ. ಅದ್ಭುತವೇ ಸರಿ. ಹಸುಗೂಸುಗಳ ಅಂಗದಾನ ಬೆರಳೆಣಿಕೆಯಷ್ಟೂ ನಡೆಯದ ನಮ್ಮಲ್ಲಿ ಸದ್ಯಕ್ಕೆ ಅದನ್ನು ನೆಚ್ಚಿ ಕೂರುವಂತಿಲ್ಲ.

ನಾಳೆಯಿಂದಲೇ ಮಾಡಬಹುದಾದ ಕೆಲಸ ಇನ್ನೂ ಚಿಕ್ಕದು. ಡಿಸ್ಚಾರ್ಜ್ ದಿನ ಕೈಗೆ ಬರುವ ನಾಲ್ಕು ಹಾಳೆ ಇಂಗ್ಲಿಷಿನಲ್ಲಿರುತ್ತವೆ. ಹತ್ತು ವರ್ಷದಲ್ಲಿ ಮಡಿಕೆಗಳು ಹರಿದು, ಶಾಯಿ ಮಾಸಿ, ಎಷ್ಟೋ ಕಡೆ ಕಳೆದೇ ಹೋಗಿರುತ್ತವೆ. ಅದರ ಜೊತೆಗೆ ತಾಯಿ ಕಾರ್ಡಿನಂಥ ಒಂದು ಗಟ್ಟಿ ಕಾರ್ಡು ಕೊಡಲಿ, ಕನ್ನಡದಲ್ಲಿ: ಯಾವ ಆಪರೇಷನ್ ಆಯಿತು, ಯಾವ ಕವಾಟ ಸೋರುತ್ತಿದೆ ಅಥವಾ ಬದಲಾಗಿದೆ, ಹಲ್ಲು ಕೀಳುವ ಮೊದಲು ಔಷಧಿ ಬೇಕೋ ಬೇಡವೋ, ಮುಂದಿನ ಎಕೋ ಯಾವ ತಿಂಗಳು, ಯಾವ ಜಿಲ್ಲಾಸ್ಪತ್ರೆಯಲ್ಲಿ. ಅದೇ ವಿವರವನ್ನು ಹದಿನಾಲ್ಕು ಅಂಕಿಯ ಆಭಾ ಆರೋಗ್ಯ ಖಾತೆ ಸಂಖ್ಯೆಗೂ ಸೇರಿಸಲಿ. ಎಕೋ ತಪ್ಪಿದ ತಿಂಗಳು ಆಶಾ ಕಾರ್ಯಕರ್ತೆಯ ಫೋನಿಗೆ ಒಂದು ಸಂದೇಶ ಬರಲಿ. ಇದಕ್ಕೆ ಹೊಸ ಕಟ್ಟಡ ಬೇಡ, ಶಂಕುಸ್ಥಾಪನೆಯೂ ಬೇಡ; ಆರೋಗ್ಯ ಇಲಾಖೆಯ ಒಂದು ಸುತ್ತೋಲೆ ಮತ್ತು ಕಾರ್ಡು ಅಚ್ಚು ಹಾಕಿಸುವಷ್ಟು ಹಣ ಸಾಕು.